ಘಜಾಲಾಗೆ ಕೂರುವವರು ಯಾರು

ಫೋರ್ತೂನಾ ತಮ್ಮನ ಅಂಗಿಯ ಎಡಗಡೆಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದವಳು ಬಿಡಲಿಲ್ಲ. ಸತ್ತವರ ಶೋಕಕ್ಕೆಂದು ಅಂಗಿ ಹರಿಯಲು ಸಣ್ಣ ಬ್ಲೇಡು ಹಿಡಿದು ನಿಂತಿದ್ದ ಯೆಹೂದಿ ಶವಸಂಸ್ಕಾರ ಸಂಘದ ಗಡ್ಡದವನು ಅಕ್ಕನ ಮುಖವನ್ನೊಮ್ಮೆ, ತಮ್ಮನ ಮುಖವನ್ನೊಮ್ಮೆ ನೋಡಿದ. ಅವರ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಘಜಾಲಾ ಮಲಗಿದ್ದಳು.

"ಬಿಡಕ್ಕಾ," ಎಂದ ನಿಸ್ಸಿಮ್.

"ಎಡಗಡೆ ಹರಿಯೋದು ಹೆತ್ತವರಿಗೆ. ಹರೀಲೇಬೇಕು ಅಂತಿದ್ರೆ ಬಲಗಡೆ ಹರ್ಕೋ. ಅದೂ ಬೇಕಾಗಿಲ್ಲ."

"ಒಂದ್ನಿಮಿಷ," ಎಂದ ಗಡ್ಡದವನು. "ನೀವು ಈಕೆ ಮಕ್ಕಳೇ ತಾನೆ?"

"ಈಕೆ ನಮ್ಮಪ್ಪನ ಎರಡನೇ ಹೆಂಡತಿ," ಎಂದಳು ಫೋರ್ತೂನಾ. "ನಮ್ಮಮ್ಮ ಅಲ್ಲಿ, ಆ ಗೋಡೆ ಹತ್ತಿರದ ಗೋರೀಲಿ ಇದಾಳೆ. ಅವಳಿಗೆ ಹರಿದಾಯ್ತು."

"ಹಾಗಿದ್ರೆ ಕಡ್ಡಾಯ ಇಲ್ಲ. ಮಲತಾಯಿಗೆ ಬಟ್ಟೆ ಹರಿಯೋದೂ ಇಲ್ಲ, ಏಳು ದಿನ ಶೋಕಕ್ಕೆ ನೆಲದ ಮೇಲೆ ಕೂರೋದೂ ಇಲ್ಲ. ಮಾಡ್ತೀನಿ ಅಂದ್ರೆ ಬೇಡ ಅನ್ನೋಕೆ ನಾನ್ಯಾರು."

"ಕಡ್ಡಾಯಾನಾ ಅಂತ ನಾನು ಕೇಳಿದ್ನಾ?" ನಿಸ್ಸಿಮ್‌ನ ಧ್ವನಿ ಏರಿತು. "ನನಗೆ ಗೊತ್ತಿರೋ ಅಮ್ಮ ಇವಳೇ. ಇನ್ನೊಬ್ಬಳನ್ನ ನಾನು ಫೋಟೋದಲ್ಲಿ ನೋಡಿದೀನಿ."

"ಏನಂದೆ? ಆ ಇನ್ನೊಬ್ಬಳು ನಿನ್ನ ಹೆತ್ತು ಸತ್ತಳು ಕಣೋ!"

"ಅದಕ್ಕೆ ನಾನೇನು ಮಾಡ್ಲಿ? ಬಿಡು!"

ಅವನು ಹಿಂದಕ್ಕೆ ಜಗ್ಗಿದ. ಅವಳು ಬಿಡಲಿಲ್ಲ. ಅಂಗಿ ಪರ್ರನೆ ಕಾಲರಿನಿಂದ ಎದೆಯವರೆಗೆ ಹರಿದು, ಒಳಗಿನ ಬನಿಯನ್ ಕಾಣಿಸಿತು. ಫೋರ್ತೂನಾ ತನ್ನ ಕೈಯಲ್ಲಿ ಉಳಿದ ಗುಂಡಿಯನ್ನು ನೋಡಿದಳು.

ಗಡ್ಡದವನು ಬ್ಲೇಡನ್ನು ಜೇಬಿಗೆ ಹಾಕಿಕೊಂಡ. "ಸರಿ, ಹರಿದಾಯ್ತಲ್ಲ. ಪ್ರಾರ್ಥನೆ ಹೇಳಪ್ಪಾ."

ಮೂವರಲ್ಲಿ ನಡುವಿನವನಾದ ವಿಕ್ಟರ್ ದೂರದಲ್ಲಿ ಬೇಲಿಗೆ ಒರಗಿಕೊಂಡು ಸಮುದ್ರದ ಕಡೆ ನೋಡುತ್ತಿದ್ದ. ಯಾರ ಪರವೂ ವಹಿಸಬಾರದೆಂದು ಅವನು ಆರನೇ ವಯಸ್ಸಿನಲ್ಲೇ ನಿರ್ಧರಿಸಿಬಿಟ್ಟಿದ್ದ.

*

ಘಜಾಲಾ ಆ ಮನೆಗೆ ಬಂದಾಗ ಫೋರ್ತೂನಾಗೆ ಒಂಬತ್ತು ವರ್ಷ. ತಾಯಿ ತೀರಿಕೊಂಡ ಮೇಲೆ ಅಡುಗೆಮನೆ ಅವಳದೇ ಆಗಿತ್ತು. ಅಪ್ಪ ಶಾಲೋಮ್ ಇಸ್ರೇಲಿನ ಕರಾವಳಿಯ ನೆತನ್ಯಾದ ಕಿತ್ತಳೆ ತೋಟಗಳಲ್ಲಿ ಹಣ್ಣು ಪ್ಯಾಕ್ ಮಾಡುವ ಕೆಲಸಕ್ಕೆ ಬೆಳಗಾಗುವ ಮೊದಲೇ ಹೋಗುತ್ತಿದ್ದ. ಫೋರ್ತೂನಾ ಕಿತ್ತಳೆಯ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಸೀಮೆಎಣ್ಣೆ ಸ್ಟೌವಿನ ಮೇಲೆ ಬೇಳೆ ಕುದಿಸುತ್ತಿದ್ದಳು. ಪಕ್ಕದ ಮನೆಯವರು ಕೂಸು ನಿಸ್ಸಿಮ್‌ನನ್ನು ಹಗಲು ನೋಡಿಕೊಂಡು, ಅವಳು ಶಾಲೆಯಿಂದ ಬಂದ ಕೂಡಲೇ ಅವಳ ಸೊಂಟಕ್ಕೆ ಏರಿಸುತ್ತಿದ್ದರು. ಶುಕ್ರವಾರ ಸಂಜೆ ದೀಪ ಹಚ್ಚುವವಳೂ ಅವಳೇ. ಬೀದಿಯ ಹೆಂಗಸರು "ಪುಟ್ಟ ಯಜಮಾನ್ತಿ" ಎಂದು ಕರೆದಾಗ ಒಳಗೊಳಗೇ ಉಬ್ಬುತ್ತಿದ್ದಳು.

ಒಂದು ಮಧ್ಯಾಹ್ನ ಓರೆಗಣ್ಣಿನ, ದಪ್ಪ ತೋಳಿನ ಹೆಂಗಸೊಬ್ಬಳು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಳು. ಹಿಂದೆ ಅಪ್ಪ ತಲೆ ತಗ್ಗಿಸಿಕೊಂಡಿದ್ದ. ಅವಳು ಸೂಟ್‌ಕೇಸನ್ನು ಕೆಳಗಿಟ್ಟು, ಕೈ ತೊಳೆದು, ನೇರ ಸ್ಟೌವಿನ ಬಳಿ ಬಂದು ಕೈ ಚಾಚಿದಳು.

"ಸೌಟು ಕೊಡು."

"ಇದು ನನ್ನ ಒಲೆ."

"ನಿನ್ನೆವರೆಗೂ. ಇಳಿ ಕೆಳಗೆ."

ಫೋರ್ತೂನಾ ಇಳಿಯಲಿಲ್ಲ. ಹೆಂಗಸು ಅವಳ ಕಂಕುಳಿಗೆ ಕೈ ಹಾಕಿ ಎತ್ತಿ ನೆಲಕ್ಕೆ ಇಳಿಸಿ, ಪೆಟ್ಟಿಗೆಯನ್ನು ಕಾಲಿನಿಂದ ಅಂಗಳಕ್ಕೆ ತಳ್ಳಿದಳು. ಸಂಜೆಗೆ ಅದನ್ನು ಒಡೆದು ಸ್ನಾನದ ನೀರಿಗೆ ಉರಿ ಹಾಕಿದಳು.

ಚಳಿಗಾಲದಲ್ಲಿ ಶಾಲೆಯ ನರ್ಸ್ ಮಕ್ಕಳ ತಲೆಯಲ್ಲಿ ಹೇನು ಕಂಡು ಮನೆಗೆ ಕಳಿಸಿದಳು. ಘಜಾಲಾ ವಿಕ್ಟರನ ತಲೆ ಬೋಳಿಸಿದಳು. ಫೋರ್ತೂನಾಳ ಜಡೆ ಸೊಂಟದವರೆಗೆ ಇತ್ತು. ನಿನ್ನಮ್ಮನದೇ ಕೂದಲು ಎಂದು ಎಲ್ಲರೂ ಮುಟ್ಟಿ ನೋಡುತ್ತಿದ್ದ ಜಡೆ. "ಸೀಮೆಎಣ್ಣೆ ಹಚ್ಚಿ ಬಾಚ್ತೀನಿ, ನಾನೇ ಬಾಚ್ಕೋತೀನಿ," ಎಂದು ಹುಡುಗಿ ಬೇಡಿಕೊಂಡಳು. ಘಜಾಲಾ ಅವಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಮೀನು ಕತ್ತರಿಸುವ ಕತ್ತರಿಯಿಂದ ಜಡೆಯನ್ನು ಕಿವಿಯ ಬುಡದಲ್ಲೇ ಕತ್ತರಿಸಿ ಬೆಂಕಿಗೆ ಹಾಕಿದಳು.

ಅಂದಿನಿಂದ ಫೋರ್ತೂನಾ ಅವಳೊಂದಿಗೆ ನೇರವಾಗಿ ಮಾತಾಡುವುದನ್ನೇ ಬಿಟ್ಟಳು. ಒಂದೇ ಮೇಜಿನ ಮುಂದೆ ಕೂತು, "ವಿಕ್ಟರ್, ಆ ಹೆಂಗಸಿಗೆ ಹೇಳು, ಬ್ರೆಡ್ ಈ ಕಡೆ ತಳ್ಳಲಿ," ಎನ್ನುತ್ತಿದ್ದಳು.

"ವಿಕ್ಟರ್, ಆ ಬೋಳುತಲೆಗೆ ಹೇಳು, ಕೈ ಇದ್ರೆ ತಗೊಳ್ಳಲಿ," ಎನ್ನುತ್ತಿದ್ದಳು ಘಜಾಲಾ.

ಬೋಳುತಲೆ ಯಾರೆಂದು ತಿಳಿಯದೆ ವಿಕ್ಟರ್ ತನ್ನ ತಲೆಯನ್ನೇ ಸವರಿಕೊಳ್ಳುತ್ತಿದ್ದ.

*

ಮಣ್ಣು ಮುಚ್ಚಿದ ಮೇಲೆ ಜನ ಗೇಟಿನ ಬಳಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಚೆಂಬನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಕೆಳಗಿಡಬೇಕು, ಮುಂದಿನವರು ಎತ್ತಿಕೊಳ್ಳಬೇಕು. ಘಜಾಲಾಳ ಅಣ್ಣ ಖ್ಲಾಫೋ ತನ್ನ ಸರದಿ ಮುಗಿಸಿ ಚೆಂಬನ್ನು ಕಲ್ಲಿನ ಮೇಲೆ ಠಣ್ ಎಂದು ಕುಕ್ಕಿದ.

"ಏಳು ದಿನದ ಶೋಕ ರಾಮ್ಲಾದಲ್ಲಿ, ನನ್ನ ಮನೇಲಿ," ಎಂದ. "ನಿಸ್ಸಿಮ್, ನೀನು ಬಾ. ಉಳಿದವರು ಬರಬೇಕಾಗಿಲ್ಲ. ನಿಮಗೆ ಅವಳು ಬೇಕಾಗಿಲ್ಲ ಅಂತ ಎಲ್ಲರ ಎದುರಿಗೆ ತೋರಿಸಿದ್ರಲ್ಲ."

"ಮಾವ, ಅವಳಿದ್ದ ಮನೇಲೇ ಆಗ್ಲಿ," ಎಂದ ನಿಸ್ಸಿಮ್.

"ಅಲ್ಲೇ ಮಾಡ್ಕೊಳ್ಳಲಿ ಬಿಡೋ," ಎಂದಳು ಫೋರ್ತೂನಾ. "ಮನೆ ಗುಡಿಸೋ ಕೆಲಸ ಉಳೀತು. ಅವಳ ಕನ್ನಡಕ, ಚಪ್ಪಲಿ ಎಲ್ಲಾ ಒಂದು ಚೀಲಕ್ಕೆ ಹಾಕಿ ಕೊಡ್ತೀನಿ, ಅದನ್ನೂ ತಗೊಂಡು ಹೋಗ್ಲಿ."

"ನಾಚಿಕೆ ಆಗಲ್ವೇನೇ ನಿನಗೆ?" ಖ್ಲಾಫೋ ಅವಳ ಮುಂದೆ ಬಂದು ನಿಂತ. ಅವನ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಒಂದು ದಿನ ಅಮ್ಮ ಅಂದಿದೀಯಾ?"

"ಇಲ್ಲ. ಅವಳೂ ನನ್ನ ಒಂದು ದಿನ ಮಗಳೇ ಅನ್ನಲಿಲ್ಲ. ಚೇಳು ಅಂತಿದ್ಲು. ನನಗೆ ಮೊದಲ ಮಗು ಆದಾಗ ಆಸ್ಪತ್ರೆಗೆ ಬಂದು ತೊಟ್ಟಿಲು ನೋಡಿ ಏನಂದ್ಲು ಗೊತ್ತಾ? 'ಮೂಗು ನಿಂದೇ ಬಂದಿದೆ, ಪಾಪ' ಅಂತ. ಅಷ್ಟು ಹೇಳೋಕೆ ಎರಡು ಬಸ್ಸು ಬದಲಾಯಿಸಿ ಬಂದಿದ್ಲು."

ಯಾರೋ ಹೆಂಗಸು ಹಿಂದಿನಿಂದ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು.

"ನಗಿ, ನಗಿ," ಎಂದ ಖ್ಲಾಫೋ. "ಹೂವಿನ ಹಾಗಿದ್ದ ಹುಡುಗೀನ ಕೊಟ್ವಿ. ನಿಮ್ಮನೇಲಿ ಆಳಾಗಿ ದುಡಿದು ಸತ್ತಳು. ಬಾಯಿಲ್ಲದ ಹಸು. ಹೊಡೆದ್ರೂ ಸುಮ್ನೆ, ಬೈದ್ರೂ ಸುಮ್ನೆ."

ಫೋರ್ತೂನಾ ತಲೆಗೆ ಕಟ್ಟಿದ್ದ ಕಪ್ಪು ವಸ್ತ್ರವನ್ನು ಸರಿಮಾಡಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು.

"ಏನಂದ್ರಿ? ಆಳಾ? ಘಜಾಲಾನಾ?"

"ಮತ್ತಿನ್ನೇನು?"

"ಅಯ್ಯಾ, ನಮ್ಮಪ್ಪ ಕೊನೇವರೆಗೂ ಅವಳನ್ನ ಕೇಳ್ದೆ ಒಂದು ಚೊಂಬು ನೀರು ಕುಡೀಲಿಲ್ಲ. ನನ್ನ ಬೆನ್ನ ಮೇಲೆ ಪೊರಕೆ ಮುರಿದಿದಾಳೆ. ಕೌನ್ಸಿಲ್‌ನವರು ಅಂಗಳದ ಅಂಜೂರದ ಮರ ಕಡಿಯೋಕೆ ಬಂದ್ರೆ ಮರ ಹತ್ತಿ ಕೂತು ಮೇಲಿಂದ ಉಗಿದಿದಾಳೆ. ಬಾಯಿಲ್ಲದ ಹಸುವಂತೆ! ಯಾವ ಘಜಾಲಾ ಬಗ್ಗೆ ಮಾತಾಡ್ತಿದೀರಿ ನೀವು? ಹಬ್ಬಕ್ಕೊಂದು ಫೋನ್ ಮಾಡ್ತಿದ್ದೋರು ನೀವು."

"ನನ್ನ ತಂಗಿ ಬಗ್ಗೆ ನೀನು ನನಗೆ ಹೇಳ್ತೀಯಾ?"

"ಹೇಳ್ತೀನಿ. ಹೂವಿನ ಹಾಗೆ ಕೊಟ್ರಂತೆ. ನಿಮಗೆ ಮದುವೆ ಆಯ್ತು, ಹೆಂಡತಿಗೆ ಕೋಣೆ ಬೇಕಿತ್ತು. ಅದಕ್ಕೆ ಮೂರು ಮಕ್ಕಳ ತಂದೆ ಹತ್ರ ತಳ್ಳಿದ್ರಿ. ಅವಳ ಸೂಟ್‌ಕೇಸು ಬಸ್ಸಿಗೆ ಹಾಕೋಕೂ ನೀವು ಬರಲಿಲ್ಲ."

ಖ್ಲಾಫೋನ ಮುಖ ಕಪ್ಪಿಟ್ಟಿತು. "ಇದನ್ನೆಲ್ಲ ಯಾರು ಹೇಳಿದ್ದು ನಿನಗೆ?"

"ಅವಳೇ."

"ಯಾವಾಗ?"

"ಜಗಳ ಆಡುವಾಗ. ನಮ್ಮಿಬ್ಬರಿಗೆ ಬೇರೆ ಯಾವಾಗ ಮಾತಿತ್ತು?"

ಅವಳು ಏದುಸಿರು ಬಿಡುತ್ತಿದ್ದಳು. ಚೆಂಬನ್ನು ಎತ್ತಿಕೊಂಡು ತನ್ನ ಕೈಗಳ ಮೇಲೆ ಜೋರಾಗಿ ನೀರು ಸುರಿದುಕೊಂಡಳು. ಅರ್ಧ ನೀರು ಖ್ಲಾಫೋನ ಬೂಟಿನ ಮೇಲೆ ಬಿತ್ತು.

"ಶೋಕ ನಮ್ಮನೇಲೇ," ಎಂದಳು. "ಕೂರೋದಿದ್ರೆ ಅಲ್ಲಿಗೆ ಬಂದು ಕೂತ್ಕೊಳ್ಳಿ. ಹಸು, ಹೂವು ಅಂತ ಅಲ್ಲಿ ಒಂದು ಮಾತು ಆಡಿದ್ರೆ ಎಬ್ಬಿಸಿ ಕಳಿಸ್ತೀನಿ."

*

ಚೇಳು ಎಂಬ ಹೆಸರು ಬಂದದ್ದು ಕೂಸಿನಿಂದ. ಘಜಾಲಾ ಎತ್ತಿಕೊಂಡಾಗಲೆಲ್ಲ ನಿಸ್ಸಿಮ್ ಕಿರುಚಿ ಅಳುತ್ತಿದ್ದ. ಫೋರ್ತೂನಾ ಎತ್ತಿಕೊಂಡರೆ ಸುಮ್ಮನಾಗುತ್ತಿದ್ದ. "ಮಕ್ಕಳಿಗೆ ಗೊತ್ತಾಗುತ್ತೆ," ಎಂದು ಪಕ್ಕದ ಮನೆಯವರು ಮಾತಾಡಿಕೊಂಡರು. ಒಂದು ದಿನ ಸ್ನಾನ ಮಾಡಿಸುವಾಗ ಅಪ್ಪ ಕೂಸಿನ ತೊಡೆಯ ಮೇಲೆ ನೀಲಿ ಗುರುತುಗಳನ್ನು ಕಂಡ. ಎಂದೂ ಏರದ ಅವನ ಧ್ವನಿ ಅಂದು ಹೆಂಡತಿಯ ಮೇಲೆ ಏರಿತು.

ಘಜಾಲಾ ಅತ್ತು ಕರೆಯಲಿಲ್ಲ. ಮಾರನೆಯ ದಿನ ಕೂಸನ್ನು ಎತ್ತಿಕೊಂಡು ಬಟ್ಟೆ ಒಣಗಿಸುವವಳಂತೆ ಬೆನ್ನು ತಿರುಗಿಸಿ ನಿಂತಳು. ಹಿಂದಿನಿಂದ ಪುಟ್ಟ ಕೈಯೊಂದು ಬಂದು ಕೂಸಿನ ತೊಡೆ ಚಿವುಟಿತು. ಅವಳು ಗಬಕ್ಕನೆ ಆ ಕೈಯನ್ನು ಹಿಡಿದುಕೊಂಡಳು.

"ಇವನಿಗೆ ಹಲ್ಲಿಲ್ಲ," ಎಂದಳು. "ನನಗಿದೆ."

ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದಳು. ರಕ್ತ ಬರಲಿಲ್ಲ, ಆದರೆ ಹಲ್ಲಿನ ಸಾಲು ಸಂಜೆಯವರೆಗೂ ಉಳಿಯಿತು. ಫೋರ್ತೂನಾ ಕೂಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಆ ಗುರುತು ನೋಡಿ ಕೇಳಿದ. ಇಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಾಯಿ," ಎಂದಳು ಫೋರ್ತೂನಾ ಕೊನೆಗೆ.

"ಚೇಳಿಗೆ ನಾಯಿ ಕಚ್ಚಿದೆ," ಎಂದಳು ಘಜಾಲಾ.

ತಿಂಗಳುಗಳ ನಂತರ ಅವರಿಬ್ಬರ ನಡುವೆ ವಿಕ್ಟರ್ ಇಲ್ಲದೆ ನಡೆದ ಮೊದಲ ಮಾತುಕತೆ ಅದು. ಕೂಸು ಮಾತ್ರ ಮತ್ತೆ ಹಾಗೆ ಅಳಲಿಲ್ಲ.

*

ಸಂಜೆ ಮನೆ ತುಂಬಿತು. ಸಾವಿನ ಮನೆಯ ಪದ್ಧತಿಯಂತೆ ಕನ್ನಡಿಗೆ ಬಟ್ಟೆ ಮುಚ್ಚಿದ್ದರು. ಹರಿದ ಅಂಗಿಯಲ್ಲೇ ನಿಸ್ಸಿಮ್ ನೆಲದ ಹಾಸಿಗೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಖ್ಲಾಫೋ, ಶೋಕಕ್ಕೆ ಕೂತವರು ಪಾದರಕ್ಷೆ ಹಾಕುವಂತಿಲ್ಲವೆಂದು ಒದ್ದೆ ಬೂಟು ಕಳಚಿಟ್ಟಿದ್ದ. ವಿಕ್ಟರ್ ಬಾಗಿಲ ಬಳಿ ಕುರ್ಚಿಯನ್ನೂ ನೆಲವನ್ನೂ ನೋಡಿ ಕೊನೆಗೆ ನಿಂತೇ ಇದ್ದ. ಎದುರು ಮನೆಯ ರೀನಾ ಬೇಯಿಸಿದ ಮೊಟ್ಟೆ, ಬೇಳೆ, ಬ್ರೆಡ್ ತಂದಿದ್ದಳು. ಸಾವಾದ ಮನೆಯವರು ಮೊದಲ ಊಟವನ್ನು ಬೇರೆಯವರ ಕೈಯಿಂದಲೇ ತಿನ್ನಬೇಕು.

"ನೀನೂ ಕೂತ್ಕೋ ಫೋರ್ತೂನಾ, ಒಂದು ಮೊಟ್ಟೆ ತಿನ್ನು," ಎಂದಳು ರೀನಾ.

"ನಾನು ಕೂರೋಳಲ್ಲ. ನನಗೆ ಕೆಲಸ ಇದೆ."

ಅಡುಗೆಮನೆಯಲ್ಲಿ ನಿಸ್ಸಿಮ್‌ನ ಮಕ್ಕಳು, ಐದು ವರ್ಷದ ನೋಗಾ, ಮೂರು ವರ್ಷದ ಊರಿ, ಮೇಜಿನ ಮುಂದೆ ಮುಖ ಊದಿಸಿಕೊಂಡಿದ್ದರು. ಅವರ ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಇಬ್ಬರನ್ನೂ ಹುಟ್ಟಿದಂದಿನಿಂದ ಸಾಕಿದವಳು ಘಜಾಲಾ. ಊರಿ ಮೊಟ್ಟೆಯನ್ನು ಮೇಜಿನ ಮೇಲೆ ಉರುಳಿಸಿ ಕೆಳಗೆ ಬೀಳಿಸಿದ.

"ಮೊಟ್ಟೆ ಬೇಡ," ಎಂದಳು ನೋಗಾ. "ಅಜ್ಜಿ ಮಾಡಿದ್ದು ಬೇಕು."

"ಅಜ್ಜಿ..." ಎಂದು ಶುರುಮಾಡಿದ ಫೋರ್ತೂನಾ ನಿಲ್ಲಿಸಿದಳು. ಫ್ರಿಜ್ ತೆಗೆದಳು. ಕೆಳಗಿನ ಹಲಗೆಯಲ್ಲಿ ದೊಡ್ಡ ಪಾತ್ರೆ ಇತ್ತು. ಕೈಮ ತುಂಬಿ ಕರಿದ ಆಲೂಗಡ್ಡೆ, ಕೆಂಪು ಸಾರಿನಲ್ಲಿ ಮುಳುಗಿತ್ತು. ನಿನ್ನೆ ಬೆಳಿಗ್ಗೆ ಮಾಡಿಟ್ಟದ್ದು. ಮಕ್ಕಳಿಗೆ ಈ ನಿಯಮವಿಲ್ಲ, ಅವರು ತಿನ್ನಬಹುದು. ಪಾತ್ರೆಯನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿದಳು. ಚಮಚದಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದಳು.

"ಉಪ್ಪೇ ಇಲ್ಲ!" ಎಂದಳು ಗಟ್ಟಿಯಾಗಿ. "ಎಷ್ಟು ಸಲ ಹೇಳಿದೀನಿ, ಸಪ್ಪೆ ಸಪ್ಪೆ, ಹುಲ್ಲು ತಿಂದ ಹಾಗೆ. ನಾಲಗೆ ಅನ್ನೋದು ಇದ್ರೆ ತಾನೆ..."

ಅವಳು ಮೇಲಿನ ಹಲಗೆಗೆ ಕೈ ಚಾಚಿದಳು. ಅಲ್ಲಿ ಸಕ್ಕರೆ ಇತ್ತು, ಮೆಣಸಿನಪುಡಿ ಇತ್ತು. ಉಪ್ಪಿನ ಡಬ್ಬಿ ಇರಲಿಲ್ಲ. ತಿರುಗಿ ನೋಡಿದರೆ ನೋಗಾ ಅದನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ಕೊಡೇ ಇಲ್ಲಿ."

"ಕೊಡಲ್ಲ. ನೀನು ಬಂದ ತಕ್ಷಣ ಉಪ್ಪು ತಗೊಂಡು ಓಡು ಅಂತ ಅಜ್ಜಿ ಹೇಳಿದಾಳೆ."

"ಯಾವಾಗ ಹೇಳಿದ್ಲು?"

"ದಿನಾ."

ಫೋರ್ತೂನಾ ಕೈ ಚಾಚಿಯೇ ಒಂದು ಹೆಜ್ಜೆ ಮುಂದಿಟ್ಟಳು. ನೋಗಾ ಮೇಜಿನ ಆ ಕಡೆಗೆ ಸರಿದಳು.

"ಅಜ್ಜಿ ಈಗ ಇಲ್ವಲ್ಲೇ."

"ನಾನಿದೀನಲ್ಲ!"

ಹೊರಗೆ ಗಂಡಸರು ಸಂಜೆಯ ಪ್ರಾರ್ಥನೆಗೆ ಎದ್ದರು. ಯಾರೋ ಅಡುಗೆಮನೆಯ ಕಡೆ "ಶ್" ಎಂದರು. ಫೋರ್ತೂನಾ ಚಪ್ಪಲಿಯನ್ನು ಕಾಲಿನಿಂದ ಒದ್ದು ಬಿಟ್ಟು, ಸದ್ದಾಗದಂತೆ ಬರಿಗಾಲಲ್ಲಿ ಮೇಜಿನ ಬಲಕ್ಕೆ ಬಂದಳು. ಮಗು ಎಡಕ್ಕೆ ಓಡಿತು. ಅವಳು ಎಡಕ್ಕೆ ಬಂದರೆ ಮಗು ಬಲಕ್ಕೆ. ಒಲೆಯ ಮೇಲೆ ಸಾರು ಉಕ್ಕತೊಡಗಿತು. ಊರಿ ಕೆಳಗೆ ಬಿದ್ದ ಮೊಟ್ಟೆಯನ್ನು ಮರೆತು ಕುರ್ಚಿಯ ಮೇಲೆ ಎದ್ದು ನಿಂತು, ಯಾರು ಗೆಲ್ಲುತ್ತಾರೋ ಎಂದು ಚಪ್ಪಾಳೆಗೆ ಎರಡೂ ಕೈ ಎತ್ತಿ ಹಿಡಿದುಕೊಂಡು ನೋಡುತ್ತಿದ್ದ.