ನಿಂಬೆ ಎಲೆಯ ಮೇಲಿನ ಕಲೆ

ಬಟ್ಟೆಯ ಮೇಲಿನ ಕಲೆ ಯಾವುದೆಂದು ಹೇಳುವುದರಲ್ಲಿ ಲಾಂಡ್ರಿ ಅಕ್ಕನದು ಎತ್ತಿದ ಕೈ. ಚಹಾ, ತುಕ್ಕು, ಮಸಿ, ಕೆಮ್ಮಿನ ಔಷಧಿ, ಯಾವುದಾದರೂ ಸರಿ, ಒಮ್ಮೆ ಮೂಸಿ ಹೇಳಿಬಿಡುತ್ತಿದ್ದಳು. ಹಾಗಾಗಿ ಅಂಗಡಿಯ ಹಿಂದಿನ ಅಂಗಳದಲ್ಲಿ, ಕುಂಡದ ನಿಂಬೆಗಿಡದ ಎಲೆಗಳ ಮೇಲೆ ಕಂದು ಬಿಳಿ ಬೆರೆತ ಕಲೆಗಳು ಕಂಡಾಗ, ಹಕ್ಕಿ ಹಿಕ್ಕೆಯೇ ಎಂದು ತೀರ್ಮಾನಿಸಿ, ಬಗ್ಗಿ ನೋಡುವ ಗೋಜಿಗೇ ಹೋಗದೆ ಸೀದಾ ಮಹಡಿ ಹತ್ತಿದಳು. ಅಲ್ಲಿ ವಾಚ್ ರಿಪೇರಿಯವರೊಬ್ಬರು ಪಾರಿವಾಳ ಸಾಕಿಕೊಂಡಿದ್ದರು.

"ನಿಮ್ಮ ಹಕ್ಕಿಗಳಿಗೆ ಊರಲ್ಲಿ ಬೇರೆ ಜಾಗ ಸಿಗಲಿಲ್ವಾ? ನನ್ನ ಗಿಡಾನೇ ಆಗ್ಬೇಕಾ?"

ರಿಪೇರಿಯವರು ಮಾತಿಗೆ ಮಾತು ಬೆಳೆಸುವ ಜಾಯಮಾನದವರಲ್ಲ. "ಆಯ್ತಮ್ಮ, ಗೂಡಲ್ಲೇ ಇಟ್ಕೋತೀನಿ" ಎಂದು ಬಾಗಿಲು ಹಾಕಿಕೊಂಡರು.

ಪಾರಿವಾಳಗಳೇನೋ ಗೂಡು ಸೇರಿದವು. ಕಲೆಗಳು ಮಾತ್ರ ಹೋಗಲಿಲ್ಲ, ಇನ್ನಷ್ಟು ದಪ್ಪಗಾದವು.

"ನಾವು ಏಳೋಕೆ ಮುಂಚೆ ಹಕ್ಕಿಗಳನ್ನ ಕದ್ದುಮುಚ್ಚಿ ಹೊರಗೆ ಬಿಡ್ತಿದಾರೆ, ನೋಡ್ತಿರು" ಎಂದು ಅಂಗಡಿಯಲ್ಲಿ ಜೊತೆಗಿದ್ದ ತಂಗಿಗೆ ಹೇಳಿ, ಅಕ್ಕ ಒದ್ದೆ ಬಟ್ಟೆ ಹಿಡಿದು ಒರೆಸಲು ಹೋದಳು. ಬಟ್ಟೆ ತಾಗಿದ್ದೇ ತಡ, ಹಿಕ್ಕೆ ತಲೆಯೆತ್ತಿತು. ಎತ್ತಿದ್ದಷ್ಟೇ ಅಲ್ಲ, ಕೆಂಪಗಿನ ಎರಡು ಕೊಂಬು ಹೊರಚಾಚಿ, ಕೊಳೆತ ಕಿತ್ತಳೆಯಂಥ ವಾಸನೆ ಬಿಟ್ಟಿತು.

ಅಕ್ಕ ಕಿಟಾರನೆ ಕಿರುಚಿದಳು. ಇಸ್ತ್ರಿ ಮಾಡುತ್ತಿದ್ದ ತಂಗಿ ಓಡಿಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದ್ಯಾವ ಕಲೆನೇ ಅಕ್ಕ? ಯಾವ ಸೋಪು ಹಾಕ್ತೀಯ?"

ಅಕ್ಕನಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಆದರೂ ಹುಳ ಯಾವುದೆಂದು ಪಕ್ಕಾ ಆಗದೆ ಮೇಲಕ್ಕೆ ಹೋಗಿ ತಪ್ಪೊಪ್ಪಿಕೊಳ್ಳುವುದು ಹೇಗೆ? ಬಿಡುವಾದಾಗಲೆಲ್ಲ ಗಿಡದ ಮುಂದೆ ಸ್ಟೂಲು ಹಾಕಿ ಕೂತಳು. ಅಷ್ಟರಲ್ಲಿ ಕಂದು ಹುಳುಗಳು ಒಂದೊಂದಾಗಿ ಮಾಯವಾಗಿ, ಅವುಗಳ ಜಾಗದಲ್ಲಿ ಎಲೆಹಸಿರಿನ ಗುಂಡು ಹುಳುಗಳು ಕಾಣತೊಡಗಿದವು.

"ಈ ದಡಿಯ ಬಂದು ಆ ಬಡಪಾಯೀನ ನುಂಗಿರ್ಬೇಕು" ಎಂದಳು ತಂಗಿ.

ಅಕ್ಕ ಅವಸರಪಡಲಿಲ್ಲ. ಈ ವಿಷಯದಲ್ಲಿ ಒಂದು ಸಲ ಬಾಯಿ ಸುಟ್ಟುಕೊಂಡಿದ್ದಳಲ್ಲ. ಉಳಿದಿದ್ದ ಒಂದೇ ಒಂದು ಕಂದು ಹುಳ ಅಲುಗಾಡದೆ ಕೂತಿತ್ತು. ಅವಳು ನೋಡುತ್ತಿದ್ದಂತೆಯೇ ಕತ್ತಿನ ಹತ್ತಿರ ಅದರ ಚರ್ಮ ಬಿರಿಯಿತು. ಬಿಗಿಯಾದ ಕುಪ್ಪಸ ಬಿಚ್ಚುವವರ ಹಾಗೆ ಹುಳ ಮೆಲ್ಲಗೆ ಮೈ ಹೊರಳಿಸಿ ಹೊರಬಂತು. ಹಚ್ಚ ಹಸಿರು!

"ಯಾರೂ ಯಾರನ್ನೂ ನುಂಗಿಲ್ಲ ಕಣೇ! ಅದೇ ಹುಳ, ಬಟ್ಟೆ ಬದಲಾಯಿಸ್ತು ಅಷ್ಟೆ!" ಎನ್ನುತ್ತ ಅಕ್ಕ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಓಡಿದಳು.

ಬಾಗಿಲು ತೆರೆದ ರಿಪೇರಿಯವರೆದುರು ಮಾತು ತಡವರಿಸಿತು. "ಅದು... ನಿಮ್ಮ ಹಕ್ಕಿಗಳದ್ದಲ್ಲ. ಹುಳ. ಸುಮ್ನೆ ನಿಮ್ಮ ಮೇಲೆ ಹಾರಾಡ್ಬಿಟ್ಟೆ."

ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ಇಳಿದು ಬಂದರು. ಎಲೆಯ ಮೇಲೆ ಬಿದ್ದಿದ್ದ ಕಂದು ಪೊರೆಯನ್ನು ಬಹಳ ಹೊತ್ತು ನೋಡಿದರು.

"ಹಕ್ಕಿಗಳು ತಿನ್ನಬಾರದು ಅಂತ ಹಿಕ್ಕೆ ವೇಷ ಹಾಕಿದೆ. ಪಾಪ, ಹಕ್ಕಿಗಳು ಮೋಸಹೋದ್ವೋ ಇಲ್ವೋ, ನೀವಂತೂ ಹೋದ್ರಿ!"

ಬೇರೆ ಯಾರಾದರೂ ಹೀಗೆಂದಿದ್ದರೆ ಅಕ್ಕ ಜನ್ಮ ಜಾಲಾಡಿಬಿಡುತ್ತಿದ್ದಳು. ಈಗ ತಂಗಿಗಿಂತ ಜೋರಾಗಿ ತಾನೇ ನಕ್ಕಳು.

"ಎಲೆ ಎಲ್ಲ ಖಾಲಿಯಾಗ್ತಿದೆ, ತೆಗೆದು ಬಿಸಾಕ್ಲಾ?" ಎಂದಳು ತಂಗಿ.

"ಮುಟ್ಟಿದ್ರೆ ನೋಡು! ಗಿಡ ಮತ್ತೆ ಚಿಗುರುತ್ತೆ." ಆಮೇಲೆ ರಿಪೇರಿಯವರತ್ತ ತಿರುಗಿ, "ನಿಮ್ಮ ಪಾರಿವಾಳಗಳನ್ನ ಬಿಡಿ, ಪಾಪ. ಇವನ್ನ ತಿನ್ನಲ್ಲ ತಾನೇ?" ಎಂದು ಕೇಳಿದಳು.

"ನನ್ನವು ಕಾಳು ಬಿಟ್ಟು ಬೇರೇನೂ ಮೂಸಲ್ಲ."

ಸಂಜೆ ಗೂಡಿನ ಬಾಗಿಲು ತೆರೆಯಿತು. ಪಾರಿವಾಳಗಳು ಪಟಪಟನೆ ಬೀದಿಯ ಮೇಲೆ ಸುತ್ತು ಹೊಡೆದವು. ತಂಗಿ ಕತ್ತೆತ್ತಿ ಅವನ್ನೇ ನೋಡುತ್ತಿದ್ದಳು. ಅಕ್ಕ ಮಾತ್ರ ಭೂತಗನ್ನಡಿ ಇಸಿದುಕೊಂಡು ಗಿಡದ ಮುಂದೆ ಬಗ್ಗಿದ್ದಳು. ಹಸಿರು ಹುಳ ಎಲೆಯ ಅಂಚನ್ನು ಕರಕರನೆ ಕತ್ತರಿಸುತ್ತಿತ್ತು.