ಹಿಮಾಲಯಕ್ಕೆ ಸವುಳು ಮಣ್ಣು

ಹರ್ತಿಯ ಯಮನೂರಸಾಬ ಒಂದು ಸಲ ಮಾಳಿಗೆಯ ಚಾವಣಿಗೆ ಮಣ್ಣು ಹಾಕಿದನೆಂದರೆ ಮೂರು ಮಳೆಗಾಲ ಆ ಮನೆಯವರು ಕತ್ತೆತ್ತಿ ನೋಡಬೇಕಾಗಿರಲಿಲ್ಲ. ನೀರು ಹೀರದ ಸವುಳು ಮಣ್ಣನ್ನು ತಾನೇ ಆರಿಸಿ ತರುವನು. ಮಟ್ಟ ನೋಡಲು ಅವನಿಗೆ ದಾರ ಬೇಡ, ಗೋಲು ಬೇಡ. ಒಂದು ಬೊಗಸೆ ನೀರು ಚೆಲ್ಲಿ, ಅದು ಹೋಗುವ ದಾರಿ ನೋಡಿ, “ಇಲ್ಲಿ ಒಂದು ಬೆರಳು ಏರಿಸ್ರಿ” ಎನ್ನುವನು. ಅಷ್ಟೇ.

ಇಂಥವನ ಮಗ ಇಸಾಕ ಲಡಾಖಿನಲ್ಲಿ ರಸ್ತೆ ಕಡಿಯುವವರ ಲಾರಿ ನಡೆಸುತ್ತಿದ್ದ. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಗುಡ್ಡ ಜರಿದು ಅವನ ಮೇಲೆ ಬಿತ್ತು. ಜೊತೆಗಾರರೇ ನಮಾಜು ಮಾಡಿ, ಶ್ಯೋಕ್ ಎಂಬ ಹೊಳೆಯ ದಂಡೆಯಲ್ಲಿ ಅವನನ್ನು ಮಣ್ಣು ಮಾಡಿದರು. ಆ ಕಾಗದ ಹರ್ತಿಗೆ ಬರುವಾಗ ನಲವತ್ತನೆಯ ದಿನವೂ ದಾಟಿತ್ತು.

ಸತ್ತವನಿಗೆ ತನ್ನವರು ಮೂರು ಮುಷ್ಟಿ ಮಣ್ಣು ಕೊಡಬೇಕು. ಊರಲ್ಲಿ ಯಾರ ಗೋರಿಗೂ ತಪ್ಪದೆ ಮಣ್ಣು ಕೊಟ್ಟ ಕೈ, ಹೆತ್ತ ಮಗನಿಗೆ ಕೊಡಲಿಲ್ಲ. ಅಲ್ಲಾಹನ ಚಿತ್ತಕ್ಕೆ ಎದುರಾಡುವವನಲ್ಲ ಯಮನೂರಸಾಬ. ಆದರೂ ಆ ಮೂರು ಮುಷ್ಟಿ ಅವನ ಕೈಯಲ್ಲೇ ಉಳಿದುಬಿಟ್ಟಿತ್ತು. ಹೆಂಡತಿ ಅಮೀನಬಿಯ ಸಂಕಟ ಬೇರೆ. ದಿನವೂ ರೊಟ್ಟಿ ಬಡಿಯುತ್ತ ಒಂದೇ ಮಾತು ಕೇಳುವಳು: “ಆ ಹೊಳಿ ಏರಿದ್ರ ನೀರು ನಮ್ಮ ಇಸಾಕನ ಮ್ಯಾಲೆ ನಿಂದರತೈತೇನು?”

ಅವನಿಗೇನು ಗೊತ್ತು! ಒಂದೇ ರೊಟ್ಟಿ ತಿಂದು ಎದ್ದುಬಿಡುವನು.

ಎರಡು ವರುಷದ ಮೇಲೆ ಮುಳಗುಂದದ ಶಾಲೆಯ ದೇವಪ್ಪ ಮಾಸ್ತರರು ಅವನನ್ನು ಕರೆಸಿದರು. ಹಿಂದೆ ಇಸಾಕನ ಸುದ್ದಿ ತಂದ ಆ ಹಿಂದಿ ಕಾಗದವನ್ನು ಓದಿ ಹೇಳಿದವರು ಅವರೇ. ಶಾಲೆಯ ಅಂಗಳದಲ್ಲಿ ಹನ್ನೆರಡು ಮೊಳದ ಹಿಮಾಲಯ ಕಟ್ಟಬೇಕು, ಹುಡುಗರು ನೀರು ಸುರಿದರೆ ನದಿಗಳು ಹರಿಯಬೇಕು ಎಂಬುದು ಅವರ ಆಸೆ.

“ಅದರಾಗ ಶ್ಯೋಕ್ ಬರತೈತೇನ್ರಿ?” ಎಂದು ಯಮನೂರಸಾಬ ಕೇಳಿದ.

ಮಾಸ್ತರರು ನಕಾಶೆ ಬಿಡಿಸಿ, ದೊಡ್ಡ ಪರ್ವತಸಾಲಿನ ಆಚೆ ಕೂದಲೆಳೆಯಂಥ ನೀಲಿ ಗೆರೆಯ ಮೇಲೆ ಬೆರಳಿಟ್ಟರು. ಅವನು ಬಹಳ ಹೊತ್ತು ಅದನ್ನೇ ನೋಡಿದ. “ಆತ್ರಿ, ನಾಳೆ ಮಣ್ಣು ತರ್ತೀನಿ” ಎಂದ.

ಎಂಟು ದಿನದಲ್ಲಿ ಹಿಮಾಲಯ ಎದ್ದಿತು. ಈಚೆ ಗಂಗಾ, ಯಮುನಾ. ಆಚೆ ಸಿಂಧೂ, ಅದಕ್ಕೆ ಬಂದು ಕೂಡುವ ಶ್ಯೋಕ್. ಶ್ಯೋಕಿನ ದಂಡೆಯಲ್ಲಿ ಒಂದು ಗೋಧಿಕಾಳಿನಷ್ಟು ಬಿಳಿ ಕಲ್ಲನ್ನು ಯಮನೂರಸಾಬ ಯಾರಿಗೂ ಹೇಳದೆ ಒತ್ತಿದ್ದ. ಒಣಗಿದ ಮೇಲೆ ಮಾಸ್ತರರು ಕೊಡದಿಂದ ನೀರು ಸುರಿದರು. ಗಂಗೆ ಹರಿದಳು, ಯಮುನೆ ಹರಿದಳು. ಆಚೆಯ ನೀರು ಮಾತ್ರ ಮುಂದೆ ಹೋಗದೆ ನಿಂತು ಕೆರೆಯಾಯಿತು. ಬಿಳಿ ಕಲ್ಲು ಮುಳುಗಿತು.

ಯಮನೂರಸಾಬನ ಮುಖ ಕಪ್ಪಿಟ್ಟಿತು. ಅವನ ಕೈಯಿಂದಾದ ಕೆಲಸದಲ್ಲಿ ನೀರು ನಿಂತದ್ದು ಇದೇ ಮೊದಲು. ನಿಂತದ್ದಾದರೂ ಎಲ್ಲಿ!

ಮಾಸ್ತರರು ಬಗ್ಗಿ ನೋಡಿದರು. “ಸಾಬರ, ಇದನ್ನ ಮಾಳಿಗಿ ಮಾಡೀರಲ್ರಿ! ನಡುವ ಏಣು ಎಬ್ಬಿಸಿ, ನೀರು ಎರಡೂ ಕಡೆ ಇಳೀಲಿ ಅಂತ ಬಿಟ್ಟೀರಿ. ಸಿಂಧೂ ಹಂಗಲ್ಲ. ಆಚೆ ಹುಟ್ಟಿ, ವಾಯವ್ಯಕ್ಕ ಹೋಗಿ, ನಂಗಾ ಪರ್ವತದ ಹತ್ರ ಹೊಳ್ಳಿ, ಗುಡ್ಡ ಸೀಳಿ ಈಚೆ ಬರತೈತಿ.”

“ಗುಡ್ಡ ಸೀಳಿ? ಚ್ಯಾಷ್ಟಿ ಮಾಡಬ್ಯಾಡ್ರಿ ಮಾಸ್ತರ. ಏಣು ಹತ್ತೋ ನೀರು ನಾ ಎಲ್ಲೂ ಕಂಡಿಲ್ಲ.”

“ಹತ್ತಂಗಿಲ್ರಿ. ನದಿ ಮೊದಲ ಇತ್ತಂತ. ಗುಡ್ಡ ಆಮ್ಯಾಲೆ ಎದ್ದದ್ದು, ವರುಷಕ್ಕ ಅಕ್ಕಿಕಾಳಿನಷ್ಟು. ಅದು ಏಳ್ತಾ ಹೋತು, ಇದು ಕೊರೀತಾ ಹೋತು. ದಾರಿ ಬಿಡಲಿಲ್ಲ.”

ಯಮನೂರಸಾಬ ಒಮ್ಮೆ ಏಣಿನ ಮೇಲೆ ಕರಣಿ ಇಟ್ಟು ತೆಗೆದ. ತಾನು ಕಟ್ಟಿದ ಏಣನ್ನು ತಾನೇ ಒಡೆಯಲು ಕೈ ಬರಲಿಲ್ಲ. ಕರಣಿ ತೊಳೆದಿಟ್ಟು ಹರ್ತಿಗೆ ನಡೆದ.

ನಡೆದದ್ದನ್ನೂ ಬಿಳಿ ಕಲ್ಲಿನ ಗುಟ್ಟನ್ನೂ ಮನೆಯಲ್ಲಿ ಹೇಳಿದಾಗ ಅಮೀನಬಿ ಹಿಟ್ಟಿನ ಕೈ ಹಾಗೇ ಹಿಡಿದು ಕುಳಿತಳು. “ಕಲ್ಲು ಇನ್ನೂ ನೀರಾಗ ಐತೇನು?”

“ಐತಿ.”

“ಮತ್ತ ನೀವಿಲ್ಲಿ ಯಾಕ ಕುಂತೀರಿ? ಏಳ್ರಿ. ನಾನೂ ಬರ್ತೀನಿ.”

“ನೀ ಎಲ್ಲಿಗೆ?”

“ಕಬರಸ್ತಾನಕ್ಕ ಹೆಂಗಸರು ಹೋಗಬಾರದು ಅಂತೀರಿ. ಸಾಲಿಗೆ ಹೋಗಬಾರದು ಅಂತ ಯಾರೂ ಹೇಳಿಲ್ಲ.”

ಇಸಾಕ ನೆಟ್ಟಿದ್ದ ಬೇವಿನ ಬುಡದಿಂದ ಅವಳು ಸೆರಗಿನ ತುಂಬ ಮಣ್ಣು ಕಟ್ಟಿಕೊಂಡಳು.

ಶಾಲೆ ಬಿಟ್ಟಿತ್ತು. ಅಂಗಳದಲ್ಲಿ ಮಾಸ್ತರರೊಬ್ಬರೇ ಇದ್ದರು. ಯಮನೂರಸಾಬ ಬಿಸ್ಮಿಲ್ಲಾ ಎಂದು ಕರಣಿ ಹಿಡಿದು, ಅವರು ತೋರಿದ ಕಡೆ ಏಣನ್ನು ಕೊರೆದ. ಆಳಕ್ಕೆ ಕೊರೆದ. ನಿಂತ ನೀರು ಒಮ್ಮೆ ಅಲುಗಿತು; ವಾಯವ್ಯಕ್ಕೆ ಸರಿದು, ನಂಗಾ ಪರ್ವತವನ್ನು ಬಳಸಿ, ಕಣಿವೆಯಲ್ಲಿ ನುಗ್ಗಿ ಬಯಲಿಗೆ ಇಳಿಯಿತು. ಅದರ ಹಿಂದೆಯೇ ಬಿಳಿ ಕಲ್ಲು ತೇಲಿದ ಹಾಗೆ ಮೇಲೆ ಕಂಡಿತು.

“ಇಲ್ಲೇನು?” ಎಂದಳು ಅಮೀನಬಿ.

“ಇಲ್ಲೇ.”

ಅವಳು ಸೆರಗು ಬಿಚ್ಚಿ ಮುಷ್ಟಿ ತುಂಬಿ ಎತ್ತಿದಳು. ಯಮನೂರಸಾಬ ಥಟ್ಟನೆ ಅವಳ ಕೈ ಹಿಡಿದ. “ಅಯ್ಯ, ಮುಷ್ಟಿ ಹಾಕಿದ್ರ ಹೊಳೀನೇ ಮುಚ್ಚಿ ಹೋಗತೈತಿ! ಮತ್ತ ನೀರು ನಿಂದರತೈತಿ. ಚಿಮಟಿ ಹಾಕು, ಚಿಮಟಿ.”

ಅಮೀನಬಿ ಅಳುತ್ತಿದ್ದವಳು ನಕ್ಕುಬಿಟ್ಟಳು. “ಹುಟ್ಟಿದಾಗೂ ಹಿಂಗ ಇದ್ದ, ಅಂಗೈಯಷ್ಟು” ಎಂದಳು.

ಅವಳು ಮೂರು ಚಿಮಟಿ ಹಾಕಿದಳು. ಯಮನೂರಸಾಬ ಟೊಪ್ಪಿಗೆ ಸರಿಮಾಡಿಕೊಂಡು, ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಹೇಳುತ್ತ, ಮೂರು ಚಿಮಟಿ ಹಾಕಿದ. ಆ ಕಲ್ಲು ಯಾರ ಗೋರಿಯೆಂದು ದೇವಪ್ಪ ಮಾಸ್ತರರಿಗೆ ಆಗ ತಿಳಿಯಿತು. ಅವರು ಚಪ್ಪಲಿ ಕಳಚಿ ಬಂದು, “ನಾನೂ ಕೊಡಲೇನ್ರಿ?” ಎಂದು ಕೇಳಿದರು.

“ಕೊಡ್ರಿ. ಕಾಗದ ಓದಿದ ಕೈ ಅಲ್ಲೇನು.”

ಮರುದಿನ ಅಮೀನಬಿ ರೊಟ್ಟಿ ಬಡಿಯುತ್ತ ಕೇಳಿದಳು: “ಆ ನೀರು ಈಗ ಎಲ್ಲಿ ಮುಟ್ಟಿರಬೇಕು?”

“ಇನ್ನೂ ನಂಗಾ ಪರ್ವತ ಸುತ್ತಾಕತ್ತಿರಬೇಕು. ದೂರ ಐತಿ” ಎಂದ ಯಮನೂರಸಾಬ. ಆಮೇಲೆ ತಾನಾಗಿಯೇ ಇನ್ನೊಂದು ರೊಟ್ಟಿ ಕೇಳಿದ.