ಕೊಕ್ಕೆಯಿದ್ದ ತಟ್ಟೆ

ಅರವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟ ವರ್ನಾಳನ್ನು ನೋಡಿ ಇಂಡಿಯಾನಾದ ಆ ಸಣ್ಣ ಊರು ನಕ್ಕಿದ್ದು ನಿಜ. ನಕ್ಕವರ ಹಲ್ಲು ಎಣಿಸುತ್ತ ಕೂರುವ ಹೆಂಗಸಲ್ಲ ಅವಳು. ಗಂಡ ಎಲ್ವಿನ್ ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡ ಮೇಲೆ ಅವನ ಹಸಿರು ಕಾರು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಮಾರ್ಚ್ ಮುಗಿಯುವುದರೊಳಗೆ ವರ್ನಾಳ ಪರ್ಸಿನಲ್ಲಿ ಲೈಸೆನ್ಸ್ ಇತ್ತು.

ನಗದೆ ಇದ್ದವಳು ಮಗಳು ಡಾರ್ಲಾ ಒಬ್ಬಳೇ. ವಿಮಾ ಕಚೇರಿಯಲ್ಲಿ ಕೂತು ಹದಿನೆಂಟು ವರ್ಷ ಜಜ್ಜಿಹೋದ ಕಾರುಗಳ ಫೋಟೊ ನೋಡಿದವಳಿಗೆ ಪ್ರತಿ ತಿರುವಿನಲ್ಲೂ ಆಂಬುಲೆನ್ಸೇ ಕಾಣುತ್ತದೆ. “ಅಪ್ಪ ಅಷ್ಟು ವರ್ಷ ಓಡಿಸಿದ್ರೂ ಒಂದೇ ಒಂದು ತಪ್ಪು ಮಾಡ್ಲಿಲ್ಲ” ಎಂಬುದು ಅವಳ ನಿತ್ಯದ ಜಪ. ಕಾರಿಗೆ ಗಿರಾಕಿಯನ್ನೂ ಹುಡುಕಿದ್ದಳು. ಅವನು ಸೋಮವಾರ ಬರುವವನಿದ್ದ.

ಕೊನೆಗೆ ತಾಯಿ ಮಗಳು ಒಂದು ಮಾತಿಗೆ ಬಂದರು. ಕಾರಿನಲ್ಲೇ ಕೂತು ತಿನ್ನುವ, ಚಳಿಗಾಲವಿಡೀ ಮುಚ್ಚಿದ್ದ ‘ಕೆಂಪು ಛತ್ರಿ’ ಡ್ರೈವ್-ಇನ್ ಹೋಟೆಲು ಶನಿವಾರ ಬಾಗಿಲು ತೆರೆಯುತ್ತದೆ. ವರ್ನಾ ಮಗಳನ್ನು ಅಲ್ಲಿಗೆ ಕರೆದೊಯ್ದು, ಹಾಟ್ ಡಾಗ್ ತಿನ್ನಿಸಿ, ಮನೆಗೆ ತಂದು ಬಿಡಬೇಕು. ಒಂದು ತಪ್ಪೂ ಆಗದಿದ್ದರೆ ಕಾರು ಅವಳದ್ದೇ. ತಪ್ಪಾದರೆ ಸೋಮವಾರದ ಗಿರಾಕಿಗೆ.

“ಆಮೇಲೆ ಮಾತು ತಿರುಗಿಸ್ಬಾರ್ದು, ಅಮ್ಮ.”

“ನಾನು ಕೊಟ್ಟ ಮಾತು ಯಾವತ್ತು ತಪ್ಪಿದ್ದೀನೆ? ಕಾರು ಹತ್ತು. ಬೆಲ್ಟ್ ಹಾಕ್ಕೋ.”

ಗ್ಯಾರೇಜಿನಲ್ಲಿ ಎಲ್ವಿನ್ ಮೊಳೆ, ಸ್ಕ್ರೂ ಹಾಕಿಡುತ್ತಿದ್ದ ಹಳೆಯ ಅಲ್ಯೂಮಿನಿಯಂ ತಟ್ಟೆ ಹಾಗೆಯೇ ಇತ್ತು. ಕೀಲಿಯೂ ಅದರಲ್ಲೇ ಇರುತ್ತಿತ್ತು. ಡಾರ್ಲಾ ಕೀಲಿ ಎತ್ತಿಕೊಟ್ಟು, ತಟ್ಟೆಯ ಅಂಚನ್ನು, ಅದರ ಎರಡು ಕೊಕ್ಕೆಗಳನ್ನು ಒಂದು ಸಲ ಸವರಿದಳು. ಅಪ್ಪನ ನೆನಪು ಅವಳಿಗೆ ಇನ್ನೂ ಹಸಿ ಗಾಯ.

ವರ್ನಾ ರೈಲು ಹಳಿಯ ಬಳಿ ನಿಂತು ಎರಡೂ ಕಡೆ ನೋಡಿದಳು. ಜೋಳದ ಕಣಜದ ಹತ್ತಿರ ಎಡಕ್ಕೆ ತಿರುಗುವಾಗ ಎದುರಿನ ಲಾರಿಗೆ ದಾರಿ ಬಿಟ್ಟಳು. ಡಾರ್ಲಾ ಮಾತ್ರ ದಾರಿಯುದ್ದಕ್ಕೂ ತನ್ನ ಕಾಲಡಿ ಇಲ್ಲದ ಬ್ರೇಕನ್ನು ತುಳಿಯುತ್ತ ಬಂದಳು.

ಕೆಂಪು ಛತ್ರಿಯ ಚಪ್ಪರದಡಿ ಎಲ್ವಿನ್ ಯಾವಾಗಲೂ ನಿಲ್ಲಿಸುತ್ತಿದ್ದುದು ನಾಲ್ಕನೆಯ ಜಾಗದಲ್ಲಿ. ವರ್ನಾ ಅಲ್ಲೇ ನಿಲ್ಲಿಸಿ, ಆರ್ಡರ್ ತೆಗೆದುಕೊಳ್ಳಲು ಬರಲಿ ಎಂದು ಹಾಡಹಗಲೇ ಲೈಟ್ ಹಾಕಿದಳು. ಹದಿನೇಳನೆಯ ವಯಸ್ಸಿನಿಂದ ಈಗಿನ ಐವತ್ತೊಂಬತ್ತರವರೆಗೆ ಅಲ್ಲೇ ತಟ್ಟೆ ಹೊತ್ತು ಓಡಾಡಿದ ಟ್ರೂಡಿ ಏಪ್ರನ್‌ಗೆ ಕೈ ಒರೆಸುತ್ತ ಬಂದಳು.

“ಏನೇ ವರ್ನಾ, ಡ್ರೈವರ್ ಸೀಟಿಗೆ ಬಡ್ತಿ ಸಿಕ್ತಾ?”

“ಪರೀಕ್ಷೆ ನಡೀತಿದೆ ಕಣೆ. ಪಕ್ಕದಲ್ಲಿ ಕೂತಿದ್ದಾಳೆ ನೋಡು ಮೇಷ್ಟ್ರು. ನಾಲ್ಕು ಹಾಟ್ ಡಾಗ್ ಕೊಡು. ಕೀಮಾ, ಈರುಳ್ಳಿ, ಸಾಸಿವೆ ಸಾಸ್ ಎಲ್ಲ ಧಾರಾಳವಾಗಿರ್ಲಿ. ಎರಡು ರೂಟ್ ಬಿಯರ್.”

“ನನ್ನದಕ್ಕೆ ಕೆಚಪ್,” ಎಂದಳು ಡಾರ್ಲಾ.

“ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕೊಡೋದು ನಾವು,” ಎಂದು ಟ್ರೂಡಿ ಹೋಗಿಯೇಬಿಟ್ಟಳು.

ಅವಳು ಮರಳುವಷ್ಟರಲ್ಲಿ ವರ್ನಾ ಕಿಟಕಿಯ ಗಾಜನ್ನು ನಾಲ್ಕು ಬೆರಳು ಏರಿಸಿದ್ದಳು. ಟ್ರೂಡಿ ನೇತುಹಾಕಿದ ತಟ್ಟೆಯ ಕೊಕ್ಕೆ ಗಾಜಿಗೆ ಸರಿಯಾಗಿ ಕೂತಿತು. ಪಕ್ಕದ ಸೀಟಿನಲ್ಲಿ ಅಷ್ಟು ವರ್ಷ ಅವಳೇನು ಕಣ್ಣು ಮುಚ್ಚಿ ಕೂತಿರಲಿಲ್ಲ. ಬಿಸಿ ಹಾಟ್ ಡಾಗ್, ಹೊರಗೆಲ್ಲ ಹಿಮ ಕಟ್ಟಿದ ಗಾಜಿನ ಮಗ್ಗಿನಲ್ಲಿ ಹೆಸರಿಗಷ್ಟೇ ಬಿಯರ್ ಆದ ಸಿಹಿ ಸೋಡಾ. ಮೊದಲ ತುತ್ತಿಗೇ ಡಾರ್ಲಾಳ ಹುಬ್ಬಿನ ಗಂಟು ಸಡಿಲಾಯಿತು. ಎರಡನೆಯದನ್ನು ಮುಗಿಸಿ, ಬೆರಳು ನೆಕ್ಕುತ್ತ, “ಚೆನ್ನಾಗೇ ಓಡಿಸ್ತೀಯ, ಅಮ್ಮ,” ಎಂದಳು.

ಆ ಒಂದು ಮಾತೇ ಎಲ್ಲ ಕೆಡಿಸಿತು. ತಿಂದಾದ ಮೇಲೆ ಇನ್ನೊಮ್ಮೆ ಲೈಟ್ ಹಾಕಿ, ತಟ್ಟೆ ಒಯ್ಯುವತನಕ ಕಾಯಬೇಕು. ವರ್ನಾ ಹಿಗ್ಗಿನಲ್ಲಿ ಅದನ್ನು ಮರೆತು ಕಾರು ಚಾಲೂ ಮಾಡಿ ಹಿಂದಕ್ಕೆ ತೆಗೆದಳು. ಡಾರ್ಲಾ ಹಿಂದಕ್ಕೆ ತಿರುಗಿ “ಬಾ, ಬಾ, ಇನ್ನೂ ಬಾ” ಎನ್ನುತ್ತಿದ್ದಳು. ತಾಯಿಯ ಮೊಣಕೈ ಪಕ್ಕದಲ್ಲೇ ತೂಗುತ್ತಿದ್ದ ತಟ್ಟೆ ಇಬ್ಬರಿಗೂ ಕಾಣಲಿಲ್ಲ.

ಚಪ್ಪರದಡಿಯ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ತಟ್ಟೆ ಹೊತ್ತು ಹೊರಟವರಿಗೆ ಅಲ್ಲಿ ಸಲ್ಲುವ ಮಂಗಳಾರತಿ ಅದು. ವರ್ನಾ ರಸ್ತೆಯಂಚಿನಲ್ಲಿ ಮೆತ್ತಗೆ ನಿಲ್ಲಿಸಿದಳು. ಒಂದು ಮಗ್ಗೂ ಉರುಳಿರಲಿಲ್ಲ.

ಡಾರ್ಲಾಳ ಮುಖ ಕೆಂಪಾಯಿತು. “ಮುಗೀತು, ಅಮ್ಮ. ಇದು ತಪ್ಪೇ. ಅಪ್ಪ ಆಗಿದ್ರೆ...”

“ನಿಮ್ಮಪ್ಪನಾ?” ಏದುಸಿರು ಬಿಡುತ್ತ ಓಡಿಬಂದಿದ್ದ ಟ್ರೂಡಿ ನಡುವೆ ಬಾಯಿ ಹಾಕಿದಳು. “ನಾನು ಕೆಲಸಕ್ಕೆ ಸೇರಿದ ವಾರವೇ ಎಲ್ವಿನ್ ನಮ್ಮ ತಟ್ಟೆ ಸಮೇತ ಹಾರಿಹೋದ. ಮಗ್ಗೆಲ್ಲ ರಸ್ತೇಲಿ ಪುಡಿಪುಡಿ. ನಾಚಿಕೆಗೆ ಎರಡು ತಿಂಗಳು ಈ ಕಡೆ ತಲೆ ಹಾಕ್ಲಿಲ್ಲ. ತಟ್ಟೆ ಇನ್ನೂ ಬಂದಿಲ್ಲ.”

ಟ್ರೂಡಿ ಕಿಟಕಿಯಿಂದ ಕಳಚಿಕೊಂಡ ತಟ್ಟೆಯನ್ನು ಡಾರ್ಲಾ ನೋಡಿದಳು. ಅದೇ ಅಂಚು, ಅದೇ ಎರಡು ಕೊಕ್ಕೆ.

“ಅಮ್ಮ, ಗ್ಯಾರೇಜಿನ ಸ್ಕ್ರೂ ತಟ್ಟೆ...”

“ಯಾರಿಗೂ ಹೇಳ್ಬೇಡ ಅಂತ ನಿಮ್ಮಪ್ಪ ನನ್ನ ಹತ್ರ ಮಾತು ತಗೊಂಡಿದ್ದ. ನಾನು ಹೇಳ್ಲಿಲ್ಲ, ಟ್ರೂಡಿ ಹೇಳಿದ್ಲು. ಉಳಿದಿದ್ದು ಹೇಳ್ತೀನಿ ಕೇಳು. ನೀನು ಹೊಟ್ಟೇಲಿದ್ದೀಯ ಅಂತ ಅವತ್ತೇ, ನಾಲ್ಕನೇ ಜಾಗದಲ್ಲೇ ಅವನಿಗೆ ಹೇಳಿದ್ದು. ಅವರಮ್ಮಂಗೆ ಹೇಳ್ಬೇಕು ಅಂತ ಗಾಡಿ ಹೊಡೆದ ನೋಡು, ತಟ್ಟೆ ಅಲ್ಲ, ಚಪ್ಪರ ಕಟ್ಟಿದ್ರೂ ಎಳ್ಕೊಂಡು ಹೋಗ್ತಿದ್ದ.”

ಡಾರ್ಲಾ ನಗಲು ಹೋಗಿ ಅತ್ತಳು. ವರ್ನಾ ಅವಳ ಗಲ್ಲದ ಸಾಸಿವೆ ಸಾಸನ್ನು ಹೆಬ್ಬೆರಳಿನಿಂದ ಒರೆಸಿದಳು. ಆದರೆ ಪಟ್ಟು ಸಡಿಲಿಸಲಿಲ್ಲ.

“ತಪ್ಪು ಮಾಡಿದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ನಾನು ಮಗ್ಗೂ ಒಡೀಲಿಲ್ಲ, ತಟ್ಟೇನೂ ವಾಪಸ್ ಕೊಟ್ಟೆ. ಈಗ ನೀನೇ ಹೇಳು, ನಿಮ್ಮಪ್ಪ ಚೆನ್ನಾಗಿ ಓಡಿಸ್ತಿದ್ನೋ, ನಾನೋ?”

ಡಾರ್ಲಾ ಮೂಗೊರೆಸಿಕೊಂಡು ಫೋನ್ ತೆಗೆದಳು. “ಸೋಮವಾರ ಬರಬೇಡಿ,” ಎಂದಳು ಗಿರಾಕಿಗೆ. “ಕಾರು ಮಾರಲ್ಲ. ಓಡಿಸೋರಿದ್ದಾರೆ.” ಆಮೇಲೆ ತಾಯಿಯ ಕಡೆ ತಿರುಗಿ, “ವಾಪಸ್ ನಾಲ್ಕನೇ ಜಾಗಕ್ಕೆ ನಡಿ. ಇನ್ನೂ ಹಸಿವಿದೆ,” ಎಂದಳು.

ವರ್ನಾ ಕಾರು ತಿರುಗಿಸಿ ಹಳೆಯ ಜಾಗದಲ್ಲೇ ನಿಲ್ಲಿಸಿ, ಲೈಟ್ ಹಾಕಿದಳು.